ಗೋಣಿ ಹೊದೆಸಿದ ನಾಲ್ಕು ಕಲ್ಲುಗಳು

ಲೆಕ್ಕಕ್ಕೆ ಸಿಗದ ಇಂಥ ಅನುಭವಗಳನ್ನು ಯಾರಾದರೂ ಬರೆದರೆ ನಾನು ಓದುವುದು ತಪ್ಪು ಹುಡುಕುವುದಕ್ಕಾಗಿ. ನೆನಪು ಎಲ್ಲಿ ಸಾಲದೆ ಹೋಯಿತು, ಬರೆದವರು ಅಲ್ಲಿಗೆ ಎಷ್ಟು ಸಿಮೆಂಟು ಮೆತ್ತಿದ್ದಾರೆ ಎಂದು ನೋಡುವುದು ನನ್ನ ಹಳೆಯ ಚಾಳಿ. ಕದ್ರಿಯ ಒಂದು ಸಣ್ಣ ಕಚೇರಿಯಲ್ಲಿ ಮನೆಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ಹುಟ್ಟಿ ಬೆಳೆದ ಮನೆಯನ್ನು ಕೆಡವಿದವರು ಅದು ಹೇಗಿತ್ತೆಂದು ಬಾಯಲ್ಲೇ ವಿವರಿಸುತ್ತಾರೆ. ಹಳೆಯ ನಕ್ಷೆ ತೆಗೆದು ನೋಡಿದರೆ ಅವರು ಹೇಳಿದ ಬಾಗಿಲು ಆ ಗೋಡೆಯಲ್ಲಿ ಇರುವುದೇ ಇಲ್ಲ. ಅವರು ಸುಳ್ಳು ಹೇಳುತ್ತಿಲ್ಲ ಎಂಬುದು ನನಗೆ ಗೊತ್ತು. ಆದರೆ ಬಾಗಿಲು ಇಲ್ಲ.

ಹಾಗಾಗಿ ನನ್ನದೇ ಕತೆಯನ್ನು ಬರೆಯಲು ಕುಳಿತಾಗ ಮೊದಲು ಅನುಮಾನ ಬರುವುದು ನನ್ನ ಮೇಲೆಯೇ. ನಾಲ್ಕು ವರ್ಷಗಳಲ್ಲಿ ಇದನ್ನು ಮೂವರಿಗೆ ಹೇಳಿದ್ದೇನೆ: ಹೆಂಡತಿಗೆ, ತಂಗಿಗೆ, ಒಮ್ಮೆ ರೈಲಿನಲ್ಲಿ ಎದುರು ಕುಳಿತಿದ್ದ ಅಪರಿಚಿತರೊಬ್ಬರಿಗೆ. ಪ್ರತಿ ಸಲ ಹೇಳುವಾಗಲೂ ಅದರಲ್ಲಿ ನಾನು ಸ್ವಲ್ಪ ಸ್ವಲ್ಪ ಒಳ್ಳೆಯವನಾಗುತ್ತ ಬಂದೆ. ರೈಲಿನಲ್ಲಿ ಹೇಳಿದಾಗಲಂತೂ ಗೆಳೆಯನ ಪರವಾಗಿ ಜಗಳ ಮಾಡಿದವನೇ ನಾನು ಎಂಬಂತಾಗಿತ್ತು. ಆ ಮನುಷ್ಯರು ಇಳಿಯುವಾಗ ನನ್ನ ಕೈ ಕುಲುಕಿ ಹೋದರು. ಈ ಸಲ ಅಂಥ ರಿಪೇರಿಗಳನ್ನೆಲ್ಲ ಕಿತ್ತು ಬರೆಯಬೇಕೆಂದಿದ್ದೇನೆ. ಜನರ ಹೆಸರು ಬದಲಾಯಿಸಿದ್ದೇನೆ, ಕೆರೆಯ ಹೆಸರು ಬರೆಯುವುದಿಲ್ಲ. ನಾವೆಲ್ಲ ನಮ್ಮ ನಮ್ಮಲ್ಲಿ ಮಾತಾಡುವುದು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿಯೂ ಸ್ವಲ್ಪ ಆಚೀಚೆ ಆಗಿರಬಹುದು.

ಐವನ್ ನನ್ನ ಕಾಲೇಜಿನ ದಿನಗಳ ಗೆಳೆಯ, ಉದ್ದ ಆಳು, ಕನ್ನಡಕದವನು. ಓದು ಮುಗಿದ ಕೂಡಲೇ ಗಲ್ಫಿಗೆ ಹೋದವನು ಇಪ್ಪತ್ತೆಂಟು ವರ್ಷ ಅಲ್ಲಿದ್ದ. ಮರುಭೂಮಿಯಲ್ಲಿ ಕೆಲಸಗಾರರು ಉಳಿಯುವ ತಗಡಿನ ಕೋಣೆಗಳನ್ನು ಲಾರಿಯಿಂದ ಇಳಿಸಿ ನೆಲದ ಮೇಲೆ ಅಲುಗಾಡದಂತೆ ಕೂರಿಸುವುದು ಅವನ ಕೆಲಸ. ಅಲ್ಲಿ ಅವುಗಳನ್ನು ಕ್ಯಾರವಾನ್ ಎಂದೇ ಕರೆಯುತ್ತಾರಂತೆ. ಊರಿಗೆ ಬಂದಾಗಲೆಲ್ಲ ಅವನಿಗೆ ಅದೇ ಮಾತು. ನೆಲ ಎಷ್ಟೇ ಚಪ್ಪಟೆಯಾಗಿ ಕಂಡರೂ ನಂಬಬಾರದು, ತಟ್ಟೆಯಲ್ಲಿ ನೀರಿಟ್ಟು ನೋಡಬೇಕು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೂಳಬೇಕು. ಪ್ರತಿ ಕಲ್ಲಿನ ಮೇಲೆ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ನೆನೆಸಿ ಹಾಸಬೇಕು. "ಬರೀ ಕಲ್ಲಿನ ಮೇಲೆ ಕೂತರೆ ಜಾರ್ತದೆ. ಗೋಣಿಯ ಮೇಲೆ ಕೂತರೆ ನಿದ್ದೆ ಮಾಡ್ತದೆ," ಎನ್ನುತ್ತಿದ್ದ. ಇದನ್ನು ನಾವು ಎಷ್ಟು ಸಲ ಕೇಳಿದ್ದೆವೆಂದರೆ, ಅವನು ಬಾಯಿ ತೆರೆಯುವ ಮೊದಲೇ ಯಶು ಅವನ ದನಿಯಲ್ಲಿ ಹೇಳಿ ಮುಗಿಸುತ್ತಿದ್ದ.

ಯಶು, ಅಂದರೆ ಯಶವಂತ, ನನ್ನ ಹಾಗೆಯೇ ಉಳ್ಳಾಲದ ಮೀನುಗಾರರ ಮನೆಯವನು. ನಮ್ಮಿಬ್ಬರ ಅಪ್ಪಂದಿರು ಒಂದೇ ದೋಣಿಯಲ್ಲಿ ಕಡಲಿಗೆ ಹೋದವರು. ಈಗ ಅವನಿಗೆ ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮಂಜುಗಡ್ಡೆಯ ವ್ಯಾಪಾರ. ಮೂರನೆಯವನು ಹನೀಫ್, ಬಾಡಿಗೆಗೆ ವ್ಯಾನು ಓಡಿಸುವವನು. ಅವನ ಒಂದು ಹಳೆಯ ಟೂರಿಸ್ಟ್ ವ್ಯಾನು ಕೆಲಸವಿಲ್ಲದೆ ಬಿದ್ದಿತ್ತು. ಅದರ ಸೀಟು ಕಿತ್ತು ಮಲಗುವ ಗಾಡಿ ಮಾಡಿ, ಕೆರೆಯ ದಂಡೆಯಲ್ಲೆಲ್ಲಾದರೂ ನಿಲ್ಲಿಸಿ ಎರಡು ದಿನ ಇರುವುದು ಐವನನ ಯೋಚನೆ. ಗಲ್ಫಿನ ನೌಕರಿ ಬಿಟ್ಟು ಬಜಪೆಯ ಮನೆಗೆ ಬಂದ ಮೇಲೆ ಅವನಿಗೆ ಅದೊಂದೇ ಹುಚ್ಚು ಹಿಡಿದಿತ್ತು. ಅಷ್ಟರಲ್ಲಾಗಲೇ ಅವನಿಗೆ ನಡುಕದ ಕಾಯಿಲೆ ಶುರುವಾಗಿತ್ತು. ಬಲಗೈ ಸದಾ ನಡುಗುತ್ತಿತ್ತು. ಜನರೆದುರು ಅದನ್ನು ಪ್ಯಾಂಟಿನ ಕಿಸೆಯಲ್ಲಿ ಅಡಗಿಸಿ ಇಡುತ್ತಿದ್ದ.

ಆರು ತಿಂಗಳು ಆ ವ್ಯಾನಿನ ಕೆಲಸ ನಡೆಯಿತು. ನಕ್ಷೆ ನನ್ನದು, ಐಡಿಯಾ ಅವನದು. ಹನೀಫನ ಶೆಡ್ಡಿನಲ್ಲಿ ಸ್ಟೂಲ್ ಹಾಕಿ ಕೂತು ಬಡಗಿಗೆ ಹೇಳಿ ಹೇಳಿ ಮಾಡಿಸಿದ. ನಾಲ್ಕು ಬರ್ತ್. ನಮ್ಮ ಪ್ರತಿಯೊಬ್ಬರನ್ನೂ ನೆಲದ ಮೇಲೆ ಮಲಗಿಸಿ ಅಳತೆ ತೆಗೆದಿದ್ದ. ಬಾಗಿಲ ಬಳಿಯ ಕೆಳಗಿನ ಬರ್ತ್ ತನಗೆಂದು ಇಟ್ಟುಕೊಂಡ, ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ ಎಂದು. ವಾಟ್ಸಾಪಿನಲ್ಲಿ ನಮ್ಮ ನಾಲ್ವರ ಒಂದು ಗುಂಪಿತ್ತು. ಟೈಪ್ ಮಾಡಲು ಬೆರಳು ಕೇಳದ ಕಾರಣ ಅವನು ಧ್ವನಿ ಸಂದೇಶ ಕಳಿಸುತ್ತಿದ್ದ. ಟಾರ್ಚು, ಹಗ್ಗ, ಉಪ್ಪು, ಸೊಳ್ಳೆಬತ್ತಿ, ಎರಡು ಕೊಡೆ. ದಿನಕ್ಕೊಂದು ಹೊಸ ಸಾಮಾನು ನೆನಪಾಗುತ್ತಿತ್ತು.

ಫೆಬ್ರವರಿಯಲ್ಲಿ ಒಂದು ಭಾನುವಾರ ವ್ಯಾನನ್ನು ಪರೀಕ್ಷೆ ಮಾಡಲೆಂದು ಉಳ್ಳಾಲದ ಕಡಲ ಬದಿಗೆ ಹೋದೆವು. ಅಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಐವನನಿಗೆ ಮೂತ್ರಕ್ಕೆ ಅವಸರವಾಗಿತ್ತು. ಬೆಲ್ಟು ಬಿಚ್ಚಲು ಅವನ ಬೆರಳಿಗೆ ಆಗಲಿಲ್ಲ. ನಮ್ಮನ್ನು ಕರೆಯಲು ನಾಚಿಕೆಯಾಗಿರಬೇಕು. ಬಟ್ಟೆಯೂ ಹಾಸಿಗೆಯೂ ಒದ್ದೆಯಾದವು. ಹನೀಫ್ ಹಾಸಿಗೆ ತೆಗೆದು ಬಿಸಿಲಿಗೆ ಹಾಕಿದ. ಪ್ರತಿಯೊಂದಕ್ಕೂ ತಮಾಷೆ ಮಾಡುವ ಯಶು ಆ ದಿನ ಮಾಡಲಿಲ್ಲ. ವಾಪಸು ಬರುವಾಗ ಎಲ್ಲ ಕಿಟಕಿಗಳೂ ತೆರೆದಿದ್ದವು. ಐವನನೊಬ್ಬನೇ ಮಾತಾಡುತ್ತಿದ್ದ, ಇನ್ನು ಏನೇನು ಬೇಕು ಎಂದು.

ಆ ಸಂಜೆ ಯಶು ನನಗೆ ಫೋನ್ ಮಾಡಿದ.

"ಅವನನ್ನು ಕರ್ಕೊಂಡು ಹೋದ್ರೆ ಅದು ಕ್ಯಾಂಪ್ ಅಲ್ಲ ಮಾರಾಯ, ಡ್ಯೂಟಿ. ರಾತ್ರಿ ಯಾರು ಏಳುವುದು? ನೀನಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಹುಷಾರಿಲ್ಲದವನನ್ನು ದೋಣಿಗೆ ಹತ್ತಿಸ್ತಾರಾ? ನಿನ್ನ ಅಪ್ಪನೇ ಹತ್ತಿಸ್ತಿರ್ಲಿಲ್ಲ."

ಅದು ನಿಜವೇ. ನಮ್ಮವರ ದೋಣಿಯಲ್ಲಿ ಕೈಲಾಗದವನಿಗೆ ಜಾಗವಿರಲಿಲ್ಲ. ಒಬ್ಬನಿಂದ ಎಲ್ಲರಿಗೂ ಅಪಾಯ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಯಶು ಆ ಮಾತು ಹೇಳಿದೊಡನೆ ನನಗೆ ಎಷ್ಟು ಹಗುರವಾಯಿತು ಎಂಬುದು ಚೆನ್ನಾಗಿ ನೆನಪಿದೆ, ಏಕೆಂದರೆ ಅದು ನನ್ನ ಮನಸ್ಸಿನಲ್ಲೂ ಇತ್ತು, ಹೇಳಲು ಒಂದು ಮರ್ಯಾದೆಯ ದಾರಿ ಬೇಕಾಗಿತ್ತು ಅಷ್ಟೆ. ಆ ಪದ್ಧತಿಯ ಉಳಿದರ್ಧ ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದನ್ನು ಎತ್ತಲಿಲ್ಲ. ಬೇಡವೆನ್ನುವುದನ್ನು ದೋಣಿಯವರು ಅವನ ಮನೆಯಂಗಳಕ್ಕೆ ಬಂದು ಮುಖ ನೋಡಿ ಹೇಳುತ್ತಿದ್ದರು. ಸಂಜೆ ದೋಣಿ ಬಂದ ಮೇಲೆ ಅವನ ಪಾಲಿನ ಮೀನನ್ನು ಮನೆಗೆ ಮುಟ್ಟಿಸುತ್ತಿದ್ದರು.

ನಾವು ಮಾಡಿದ್ದು ಬೇರೆ. ಮೂವರ ಇನ್ನೊಂದು ಗುಂಪು ಮಾಡಿಕೊಂಡೆವು. ಮಾಡಿದವನು ನಾನು. ಹಳೆಯ ಗುಂಪು ಹಾಗೆಯೇ ಇತ್ತು. ಅಲ್ಲಿ ಐವನ್ ಸಾಮಾನಿನ ಪಟ್ಟಿ ಹೇಳುತ್ತಿದ್ದ, ನಾವು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆವು. ನಾಲ್ವರೂ ಸೇರಿ ಮೊದಲು ಗೊತ್ತು ಮಾಡಿದ್ದು ಕಾರ್ಕಳದ ಕಡೆಯ ಒಂದು ದೊಡ್ಡ ಕೆರೆ. ಐವನ್ ಅಕಸ್ಮಾತ್ ಅಲ್ಲಿ ಯಾರನ್ನಾದರೂ ವಿಚಾರಿಸಿದರೆ ಸಿಕ್ಕಿಬೀಳುತ್ತೇವೆ ಎಂದು ಅದನ್ನೂ ಬದಲಾಯಿಸಿದೆವು. ಯಶುವಿನ ಅಂಗಡಿಯ ಆಳಿನ ಚಿಕ್ಕಮ್ಮನ ಜಾಗ ಮೂಡುಬಿದಿರೆ ದಾಟಿ ಒಳಗೆ, ಒಂದು ಸಣ್ಣ ಕೆರೆಗೆ ತಾಗಿಕೊಂಡು ಇದೆ ಎಂದು ಗೊತ್ತಾಯಿತು. ಆಕೆಗೆ ಯಶು ಒಂದೇ ಸಲ ಫೋನ್ ಮಾಡಿ, ಶನಿವಾರ ಮೂರು ಜನ ಬರುತ್ತೇವೆ, ಗಾಡಿ ನಿಲ್ಲಿಸಲು ಜಾಗ ಬೇಕು, ರಾತ್ರಿಗೆ ಊಟ ಮಾಡಿ ಕೊಟ್ಟರೆ ಒಳ್ಳೆಯದು ಎಂದಿದ್ದ. ಇದಿಷ್ಟನ್ನು ಯಶು ಈಗಲೂ ಅಕ್ಷರ ಬಿಡದೆ ಹಾಗೆಯೇ ಹೇಳುತ್ತಾನೆ.

ಐವನನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಶುಕ್ರವಾರ ಮಧ್ಯಾಹ್ನ ಕಚೇರಿಯಿಂದ ಬಜಪೆಗೆ ಹೋದೆ. ಈಸ್ಟರಿಗೆ ಮೊದಲಿನ ಉಪವಾಸದ ದಿನಗಳು, ಶುಕ್ರವಾರ ಮಾಂಸವಿಲ್ಲ, ಮೀನು ಆಗುತ್ತದೆ. ಅವನ ಹೆಂಡತಿ ಲವೀನಾ ಬಂಗುಡೆ ಸಾರು ಮಾಡಿದ್ದರು. "ಊಟ ಮಾಡದೆ ಹೋದ್ರೆ ಇನ್ನು ಈ ಕಡೆ ಬರಬೇಡಿ," ಎಂದು ಬಡಿಸಿಯೇ ಬಿಟ್ಟರು. ಅವರ ಸಾರಿನಲ್ಲಿ ಅನ್ನ ಕಲಸುತ್ತ ನಾನು, ವ್ಯಾನಿನ ಕ್ಲಚ್ ಹೋಗಿದೆ, ಕ್ಯಾಂಪ್ ಸದ್ಯಕ್ಕಿಲ್ಲ ಎಂದೆ. ಸರಿಯಾಗಿ ಆಗಲೇ ಹತ್ತಿರದ ನಿಲ್ದಾಣಕ್ಕೆ ಮನೆಯ ಮೇಲಿಂದ ವಿಮಾನ ಇಳಿಯಿತು. ಆ ಮನೆಯಲ್ಲಿ ವಿಮಾನ ಬಂದರೆ ಎಲ್ಲರೂ ಮಾತು ನಿಲ್ಲಿಸಿ ಕಾಯುತ್ತಾರೆ. ಸದ್ದು ಹೋದ ಮೇಲೆ ಐವನ್, "ಎಂತ ಹೇಳಿದ್ದು?" ಎಂದ. ಸುಳ್ಳನ್ನು ಎರಡನೆಯ ಸಲ ಹೇಳಬೇಕಾಯಿತು. ಎರಡನೆಯ ಸಲ ಅದು ಇನ್ನೂ ಸಲೀಸಾಗಿ ಬಂತು. ಮೆಕ್ಯಾನಿಕ್ಕಿನ ಬಗ್ಗೆಯೂ ಒಂದೆರಡು ಮಾತು ಸೇರಿಸಿದೆ.

"ಹನೀಫನಿಗೆ ಹೇಳು, ನಾನು ಬಂದು ನೋಡ್ತೇನೆ," ಎಂದ ಐವನ್. "ಕೈ ನಡುಗಿದ್ರೆ ಎಂತ, ಕಣ್ಣು ಸರಿ ಉಂಟಲ್ಲ."

"ನೀವು ಮೊದಲು ಊಟ ಮಾಡಿ. ಗಾಡಿ ಆಮೇಲೆ," ಎಂದು ಲವೀನಾ ಅವನ ತಟ್ಟೆಯ ಮೀನಿನ ಮುಳ್ಳು ಬಿಡಿಸಿ ಕೊಟ್ಟರು.

ಕೈ ತೊಳೆದು ಬಂದ ಮೇಲೆ ಅವನು ಇನ್ನೊಂದು ಮಾತು ಹೇಳಿದ. ನನ್ನ ನೆನಪಿನಲ್ಲಿ ಅದು ಹೀಗಿದೆ: "ಹೊಸ ಜಾಗ ಆದ್ರೂ ಆಗ್ತದೆ. ನೆಲ ಮಾತ್ರ ಮೊದಲೇ ಹೋಗಿ ನೋಡಬೇಕು." ಹೊಸ ಜಾಗದ ವಿಷಯ ನಾನು ಎತ್ತಿರಲೇ ಇಲ್ಲ. ಅವನು ನಿಜವಾಗಿ ಹಾಗೆಂದನೇ, ಅಥವಾ ನಂತರ ನಡೆದದ್ದಕ್ಕೆ ಸರಿಹೊಂದಲೆಂದು ನಾನೇ ಆ ಎರಡು ಪದಗಳನ್ನು ಅವನ ಬಾಯಿಗೆ ಹಾಕಿದ್ದೇನೆಯೇ, ಹೇಳಲಾರೆ. ಈ ಬಾಗಿಲನ್ನು ಯಾರೂ ನಂಬಬೇಕಾಗಿಲ್ಲ.

ನಂಬಬಹುದಾದದ್ದು ಇದು. ಊಟವಾದ ಮೇಲೆ ಐವನ್ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒರಗಿದ. ಲವೀನಾ ಮೆಡಿಕಲ್ಲಿಗೆ ಹೋಗಿ ಮಾತ್ರೆ ತರಬೇಕಿತ್ತು. "ಅಷ್ಟು ಹೊತ್ತು ಇವರ ಹತ್ತಿರ ಕೂತಿರಿ ಮಾರಾಯ್ರೆ, ಎದ್ದು ಬಿದ್ದರೆ ಕಷ್ಟ," ಎಂದರು. ನಾನು ಕೂತೆ. ಅವನು ನಿದ್ದೆ ಹೋದ. ಎಷ್ಟು ಗಾಢ ನಿದ್ದೆಯೆಂದರೆ ಮತ್ತೊಂದು ವಿಮಾನ ಇಳಿದರೂ ಅಲುಗಲಿಲ್ಲ. ಬಲಗೈ ತೊಡೆಯ ಮೇಲೆ ನಿಶ್ಚಲವಾಗಿತ್ತು. ನಿದ್ದೆಯಲ್ಲಿ ಈ ನಡುಕ ನಿಲ್ಲುತ್ತದೆ ಎಂದು ಆಮೇಲೆ ವೈದ್ಯರು ಹೇಳಿದರು, ಆದ್ದರಿಂದ ಅದರಲ್ಲಿ ವಿಶೇಷವಿಲ್ಲ. ಲವೀನಾ ಮರಳಿ ಬರುವವರೆಗೆ, ಅಂದರೆ ಸುಮಾರು ಮುಕ್ಕಾಲು ಗಂಟೆ, ನಾನು ಅವನಿಂದ ಎರಡು ಮಾರು ದೂರದಲ್ಲೇ ಇದ್ದೆ. ಇದು ಬರೀ ನೆನಪಲ್ಲ, ಪುರಾವೆಯಿದೆ. ಹೊತ್ತು ಹೋಗದೆ ಆ ಜಗಲಿಯಲ್ಲೇ ಕೂತು ನಾನು ಹೊಸ ಗುಂಪಿಗೆ ಸಂದೇಶ ಕಳಿಸುತ್ತಿದ್ದೆ. ಅವೆಲ್ಲ ಈಗಲೂ ಫೋನಿನಲ್ಲಿವೆ. ಒಂದು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಯಶುವಿಗೆ ಬರೆದದ್ದು: "ಐಸ್ ಬಾಕ್ಸ್ ದೊಡ್ಡದೇ ತಾ, ಕೆಳಗಿನ ಬರ್ತ್ ಖಾಲಿ ಉಂಟಲ್ಲ."

ಮರುದಿನ ಸಂಜೆ ನಾಲ್ಕರ ಹೊತ್ತಿಗೆ ನಾವು ಕೆರೆಗೆ ತಲುಪಿದೆವು. ಬಿಸಿಲು ಇನ್ನೂ ಇತ್ತು. ದಂಡೆಯ ಪಕ್ಕದಲ್ಲಿ ಒಂದು ಹಂಚಿನ ಮನೆ, ಮುಂದೆ ಖಾಲಿ ನೆಲ. ಆ ಜಾಗದ ಹೆಂಗಸು ಗಿರಿಜಕ್ಕ ಹೊರಗೆ ಬಂದರು. ನನ್ನ ನೆನಪಿನಲ್ಲಿ ಅವರು ಹಸಿರು ಸೀರೆ ಉಟ್ಟಿದ್ದರು, ಯಶುವಿನ ನೆನಪಿನಲ್ಲಿ ನೈಟಿ. ಅವರು ವ್ಯಾನಿನೊಳಗೆ ಬಗ್ಗಿ ನೋಡಿ ಕೇಳಿದ ಮೊದಲ ಮಾತಿನ ಬಗ್ಗೆ ಮಾತ್ರ ನಮ್ಮ ಮೂವರಲ್ಲಿ ಭಿನ್ನಾಭಿಪ್ರಾಯವಿಲ್ಲ.

"ಇನ್ನೊಬ್ಬರು ಎಲ್ಲಿ?"

"ನಾವು ಮೂರೇ ಜನ ಅಕ್ಕ," ಎಂದ ಯಶು.

"ಇಲ್ಲ ಮಾರಾಯ್ರೆ, ನಾಲ್ಕು ಜನ ಅಂತ ನಿನ್ನೆ ಬಂದು ಹೇಳಿ ಹೋಗಿದ್ದಾರೆ. ನಾನು ನಾಲ್ಕು ಜನಕ್ಕೆ ದೋಸೆಗೆ ಅಕ್ಕಿ ಕಡೆದದ್ದು."

ಯಾರು ಬಂದದ್ದು ಎಂದು ಹನೀಫ್ ಕೇಳಿದ. ನಿಮ್ಮವರೇ, ಉದ್ದ ಜನ, ಕನ್ನಡಕದವರು ಎಂದರು ಆಕೆ. ಗಾಡಿಯಲ್ಲಿ ಬಂದದ್ದಲ್ಲ, ದಂಡೆಯ ಮೇಲೆ ನಡೆದುಕೊಂಡು ಬಂದರು, ಕಾಲಲ್ಲಿ ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿ. ನೆಲವನ್ನೆಲ್ಲ ಸುತ್ತಿ ನೋಡಿದರು. ಒಂದು ತಟ್ಟೆಯಲ್ಲಿ ನೀರು ಕೇಳಿ ಅಲ್ಲಲ್ಲಿ ಇಡಿಸಿ ನೋಡಿದರು. ಆಮೇಲೆ ಆಕೆಯ ಮಗನಿಂದ ನಾಲ್ಕು ಕೆಂಪು ಕಲ್ಲು ತರಿಸಿ, ಇಂಥಲ್ಲಿ ಇಷ್ಟು ಹೂಳಬೇಕು ಎಂದು ಕಾಲಲ್ಲೇ ಗೆರೆ ಎಳೆದು ತೋರಿಸಿದರು. ಗೋಣಿ ಮಡಚಿ ಹಾಕಲು ಹೇಳಿದರು. ನಾಳೆ ಮಧ್ಯಾಹ್ನ ಒಮ್ಮೆ ನೀರು ಚಿಮುಕಿಸಿ, ಮರೆಯಬೇಡಿ ಎಂದೂ ಹೇಳಿದರಂತೆ.

ಆಕೆ ಕೈ ತೋರಿಸಿದ ಕಡೆ ನೋಡಿದೆವು. ನಾಲ್ಕು ಕಲ್ಲುಗಳಿದ್ದವು. ಕೆರೆಯ ಕಡೆಯ ಎರಡು ಎತ್ತರಕ್ಕಿದ್ದವು, ಈಚೆಯ ಎರಡು ನೆಲದೊಳಕ್ಕೆ ಇಳಿದಿದ್ದವು. ಪ್ರತಿಯೊಂದರ ಮೇಲೂ ಗೋಣಿಯ ನಾಲ್ಕು ಮಡಿಕೆ. ನಾನು ಮುಟ್ಟಿ ನೋಡಿದೆ, ಒದ್ದೆಯಾಗಿತ್ತು.

"ಬಲಗೈಗೆ ಎಂತ ಆಗಿದೆ ಅವರಿಗೆ?" ಎಂದು ಗಿರಿಜಕ್ಕ ಕೇಳಿದರು. "ಕಿಸೆಯಿಂದ ತೆಗೆಯಲೇ ಇಲ್ಲ. ಕುಡಿಯಲಿಕ್ಕೆ ನೀರು ಕೊಟ್ಟೆ. ಎಡಗೈಯಲ್ಲಿ ತಗೊಂಡು, ಬೇಜಾರು ಮಾಡ್ಬೇಡಿ ಅಕ್ಕ ಅಂದ್ರು. ಒಳ್ಳೆ ಜನ."

ಎಷ್ಟು ಹೊತ್ತಿಗೆ ಬಂದಿದ್ದರು ಎಂದು ಕೇಳಿದವನೂ ಹನೀಫನೇ. ಆಚೆಯ ಮಸೀದಿಯಲ್ಲಿ ಶುಕ್ರವಾರದ ನಮಾಜು ಮುಗಿದು ಜನ ಹೋಗುತ್ತಿದ್ದರು ಎಂದರು ಆಕೆ. ಹನೀಫ್ ನನ್ನ ಕಡೆ ತಿರುಗಿ, "ಅಂದ್ರೆ ಒಂದೂವರೆ, ಒಂದೂ ಮುಕ್ಕಾಲು. ನೀನು ಆಗ ಅಲ್ಲೇ ಇದ್ದೆ ಅಲ್ವಾ?" ಎಂದ. ನಾನು ಹೌದೆಂದೆ.

ಇನ್ನು ನಾನು ಬರೆಯಬೇಕಾದದ್ದು ನಾನು ಯಾರಿಗೆ ಹೇಳಿದಾಗಲೂ ಬಿಟ್ಟುಬಿಟ್ಟ ಭಾಗ. ಓದುವವರಿಗೆ ತಟ್ಟನೆ ಹೊಳೆಯುವ ಪ್ರಶ್ನೆಯೇ ಯಶುವಿಗೂ ಹೊಳೆಯಿತು. "ಅವನ ಫೋಟೋ ಉಂಟಲ್ಲ ನಿನ್ನಲ್ಲಿ. ತೋರಿಸು ಮಾರಾಯ ಅಕ್ಕನಿಗೆ," ಎಂದ. ಇತ್ತು. ಹನೀಫನ ಶೆಡ್ಡಿನಲ್ಲಿ, ಸ್ಟೂಲ್ ಮೇಲೆ ಕೂತು ನಗುತ್ತಿರುವ ಫೋಟೋ. ಫೋನ್ ತೆಗೆದೆ. ಆ ಫೋಟೋ ತೆರೆದೆ ಕೂಡ. ಗಿರಿಜಕ್ಕ ಕೈ ಒರೆಸಿಕೊಂಡು ಹತ್ತಿರ ಬಂದರು. ಆಗ ನಾನು, "ಛೆ, ಚಾರ್ಜ್ ಇಲ್ಲ," ಎಂದು ಫೋನನ್ನು ಕಿಸೆಗೆ ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದು ಆಗ ನನಗೇ ಗೊತ್ತಾಗಲಿಲ್ಲ. ಭಯ ಎಂದುಕೊಂಡಿದ್ದೆ. ಭಯವಲ್ಲ ಅದು. ಭಯವಾಗಿದ್ದರೆ ಅಲ್ಲಿಂದ ಓಡಿಹೋಗುತ್ತಿದ್ದೆ. ಆ ಹೆಂಗಸು "ಇವರೇ" ಎಂದುಬಿಟ್ಟರೆ, ನಾವು ಬೇಡವೆಂದು ಬಿಟ್ಟು ಬಂದವನು ನಮ್ಮ ಗಾಡಿ ಓರೆಯಾಗಬಾರದೆಂದು ಬಂದು ನೆಲ ಸರಿ ಮಾಡಿಸಿ ಹೋದ ಎಂದು ಒಪ್ಪಿಕೊಳ್ಳಬೇಕಿತ್ತು. ಅವನು ಹೇಗೆ ಬಂದ ಎಂಬುದಕ್ಕಿಂತ ಅದು ನನಗೆ ಕಷ್ಟವಾಗಿತ್ತು.

ಹನೀಫ್ ವ್ಯಾನನ್ನು ಕಲ್ಲುಗಳ ಮೇಲೆ ಹತ್ತಿಸಿದ. ಚಕ್ರಗಳು ಸರಿಯಾಗಿ ಕೂತವು. ಒಳಗೆ ಚಾ ಮಾಡಿ ಗ್ಲಾಸುಗಳಿಗೆ ತುಂಬಿಸಿ ಇಟ್ಟ. ಚಾ ಗ್ಲಾಸಿನ ಅಂಚಿನ ಸುತ್ತ ಒಂದೇ ಮಟ್ಟದಲ್ಲಿ ನಿಂತಿತ್ತು. ಕತ್ತಲಾಗುವ ಮೊದಲೇ ಗಿರಿಜಕ್ಕ ಅಂಗಳದಲ್ಲಿ ನಾಲ್ಕು ಎಲೆ ಹಾಕಿದರು. ನೀರ್‌ದೋಸೆ, ಕೋಳಿ ಸಾರು. ಬರದವರ ಎಲೆ ತೆಗೆಯಿರಿ ಎಂದು ಹೇಳಲು ನಮಗೆ ಬಾಯಿ ಬರಲಿಲ್ಲ. ದಾರಿಯಲ್ಲಿರಬಹುದು ಎಂದು ಆಕೆ ಅದಕ್ಕೂ ಎರಡು ದೋಸೆ ಬಡಿಸಿ ಇನ್ನೊಂದು ಎಲೆ ಮುಚ್ಚಿಟ್ಟರು. ನಾವು ತಲೆ ತಗ್ಗಿಸಿ ಉಂಡೆವು. "ಫೋನ್ ಮಾಡಿ ನೋಡಿ, ದಾರಿ ತಪ್ಪಿದ್ರೆ?" ಎಂದು ಆಕೆ ಎರಡು ಸಲ ಹೇಳಿದರು.

ವ್ಯಾನಿಗೆ ಮರಳಿದಾಗ ಹನೀಫ್ ಬಾಗಿಲ ಬಳಿಯ ಬರ್ತಿನ ಮೇಲಿದ್ದ ಐಸ್ ಬಾಕ್ಸನ್ನು ಎತ್ತಿ ಹೊರಗಿಟ್ಟ, ಒದ್ದೆಯಾದ ಜಾಗವನ್ನು ತನ್ನ ಟವೆಲಿನಿಂದ ಒರೆಸಿದ. ಆ ರಾತ್ರಿ ಬೇರೇನೂ ಆಗಲಿಲ್ಲ. ಸದ್ದು ಕೇಳಲಿಲ್ಲ, ಯಾರೂ ಕಾಣಿಸಲಿಲ್ಲ. ಎರಡು ದಿನ ಇರಬೇಕೆಂದು ಹೋದವರು ಬೆಳಗಾದೊಡನೆ ಹೊರಟೆವು. ಹನೀಫ್ ವ್ಯಾನನ್ನು ಕೆಳಗಿಳಿಸಿದ ಮೇಲೆ, ಹೊರಡುವ ಮೊದಲು, ಯಶು ಕಲ್ಲುಗಳ ಫೋಟೋ ತೆಗೆದ. ಅದರಲ್ಲಿ ಮೂರು ಕಲ್ಲು ಮಾತ್ರ ಕಾಣುತ್ತವೆ, ನಾಲ್ಕನೆಯದಕ್ಕೆ ನಾನೇ ಅಡ್ಡ ನಿಂತಿದ್ದೇನೆ.

ವಿವರಣೆಗಳನ್ನು ಹುಡುಕಿಲ್ಲವೆಂದಲ್ಲ. ಯಶು ಫೋನಿನಲ್ಲಿ ತಮಾಷೆಗೆ ಐವನನ ಪಾಠವನ್ನೇ ಗಿರಿಜಕ್ಕನಿಗೆ ಒಪ್ಪಿಸಿರಬಹುದೇ? ಅವನು ತಾಯಿಯ ಮೇಲೆ ಆಣೆ ಹಾಕುತ್ತಾನೆ. ಹನೀಫ್ ಯಾರನ್ನಾದರೂ ಕಳಿಸಿದ್ದನೇ? ಕಳಿಸಿದ್ದರೆ ಆ ಐಸ್ ಬಾಕ್ಸನ್ನು ಐವನನ ಬರ್ತಿನ ಮೇಲೆ ಇಡಲು ಮೊದಲೇ ಬಿಡುತ್ತಿರಲಿಲ್ಲ. ಕೈ ನೋವಿನ ಬೇರೆ ಯಾರೋ ಬಂದಿದ್ದರು, ಆಕೆ ತಪ್ಪು ತಿಳಿದರು ಎನ್ನೋಣ, ಹಾಗಾದರೆ ಗೋಣಿ? ಅಥವಾ ನಾವು ಮೂವರೂ ನಮ್ಮ ತಪ್ಪಿನ ಭಾರಕ್ಕೆ ಆಕೆಯ ಸಾಧಾರಣ ಮಾತುಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಈ ಆಕಾರಕ್ಕೆ ತಂದೆವೇ? ಇದನ್ನು ನಾನು ನಂಬಲು ಸಿದ್ಧನಿದ್ದೆ. ಆದರೆ ಫೋಟೋದಲ್ಲಿ ಮೂರು ಕಲ್ಲುಗಳಿವೆ, ಮೂರರ ಮೇಲೂ ಗೋಣಿಯಿದೆ.

ಸೋಮವಾರ ಎಲ್ಲ ಹೇಳಿಬಿಡಬೇಕೆಂದು ಬಜಪೆಗೆ ಹೋದೆ. ಬಾಗಿಲಲ್ಲಿ ಅವನ ಚಪ್ಪಲಿ ಇತ್ತು. ಅಡಿ ತಿರುಗಿಸಿ ನೋಡಿದೆ, ಕಳ್ಳನ ಹಾಗೆ. ಕೆಂಪು ಮಣ್ಣು ಹತ್ತಿತ್ತು. ಬಜಪೆಯಲ್ಲಿ ಯಾರ ಚಪ್ಪಲಿಗೆ ಕೆಂಪು ಮಣ್ಣಿರುವುದಿಲ್ಲ? ಐವನ್ ಹೊರಗೆ ಬಂದು, "ಎಂತ, ಮುಖ ಹೀಗೆ ಉಂಟು? ನಿದ್ದೆ ಆಗ್ಲಿಲ್ವಾ?" ಎಂದ. ಶನಿವಾರ, ಭಾನುವಾರ ಎಲ್ಲಿದ್ದೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. "ನೀನು ಶುಕ್ರವಾರ ಕನಸು ಗಿನಸು ಕಂಡೆಯಾ?" ಎಂದು ನಾನೇ ಕೇಳಬಹುದಿತ್ತು. ಯಾಕೆ ಎಂದು ಅವನು ಕೇಳಿದರೆ ಏನು ಹೇಳಲಿ? ಆ ಕೆರೆಯ ಬಗ್ಗೆ ಕೇಳಬೇಕಾದರೆ ನಾವು ಆ ಕೆರೆಗೆ ಹೋದದ್ದನ್ನು ಹೇಳಬೇಕು. ಚಾ ಕುಡಿದು ಎದ್ದು ಬಂದೆ.

ಆಮೇಲೆ ನಾಲ್ಕು ವರ್ಷಗಳಾದವು. ಐವನನ ದನಿ ಈಗ ಬಹಳ ಸಣ್ಣದಾಗಿದೆ, ಎರಡು ಹೆಜ್ಜೆಗೂ ಲವೀನಾ ಹಿಡಿದುಕೊಳ್ಳಬೇಕು. ಹನೀಫ್ ಆ ವ್ಯಾನನ್ನು ಮಾರಿಲ್ಲ. ಅವನೂ ಯಶುವೂ ಬದಲಾಗಿದ್ದಾರೆ. ರಾತ್ರಿ ತಾನೇ ಏಳುತ್ತೇನೆ ಎಂದು ಯಶು ಹೇಳಿ ಎರಡು ವರ್ಷವಾಯಿತು. "ಬೇರೆ ಎಲ್ಲಿಗೂ ಬೇಡ, ಅಲ್ಲಿಗೇ ಕರ್ಕೊಂಡು ಹೋಗುವಾ. ಅವನ ಎದುರೇ ಹೇಳುವಾ, ಬೈದ್ರೆ ಬೈಸಿಕೊಳ್ಳುವಾ," ಎನ್ನುತ್ತಾನೆ ಹನೀಫ್. ಗಿರಿಜಕ್ಕ ಇದ್ದಾರೆ, ಜಾಗವೂ ಇದೆ. ಮೂರು ಸಲ ದಿನ ಗೊತ್ತಾಗಿತ್ತು. ಮೂರು ಸಲವೂ ತಪ್ಪಿಸಿದವನು ನಾನು. ಒಮ್ಮೆ ಮಳೆ ಎಂದೆ, ಒಮ್ಮೆ ನನ್ನ ಮೊಣಕಾಲು ಎಂದೆ, ಒಮ್ಮೆ ಕಚೇರಿಯ ಕೆಲಸ ಎಂದೆ.

ಕಳೆದ ವಾರ ಐವನ್ ಫೋನ್ ಮಾಡಿದ್ದ. ಅವನ ಪಿಸುಮಾತು ನನಗೆ ತಿಳಿಯದ್ದರಿಂದ ಲವೀನಾ ನಡುವೆ ನಿಂತು ಹೇಳುತ್ತಿದ್ದರು. "ಹನೀಫ್ ಹೇಳಿದ ಕೆರೆಗೆ ಈಸ್ಟರಿಗೆ ಮೊದಲು ಹೋಗಿ ಬರುವಾ ಅಂತ ಹೇಳ್ತಾರೆ ಇವರು. ಡಾಕ್ಟ್ರು ಅಡ್ಡಿಯಿಲ್ಲ ಅಂದಿದ್ದಾರೆ. ನಾನೂ ಬರ್ತೇನೆ, ನಿಮಗೆ ತೊಂದರೆ ಆಗ್ಲಿಕ್ಕಿಲ್ಲ." ಅವರು ಹೇಳಿ ಮುಗಿಸುವ ಮೊದಲೇ ನನ್ನ ಬಾಯಿಂದ ಮಾತು ಹೊರಬಿದ್ದಿತ್ತು: ಆ ಕಡೆ ರಸ್ತೆ ಅಗೆದು ಹಾಕಿದ್ದಾರೆ, ವ್ಯಾನು ಹೋಗುವುದಿಲ್ಲ. ಆಚೆ ಅದನ್ನು ಅವನಿಗೆ ಹೇಳುವುದು ಕೇಳಿಸಿತು. ಆಮೇಲೆ ಲವೀನಾ, "ಆಯ್ತಂತೆ. ನೀವು ಹೇಳಿದ ದಿನ ಅಂತೆ," ಎಂದರು.

ಅವನನ್ನು ಕರೆದುಕೊಂಡು ಹೋಗಿ ಆ ಅಂಗಳದಲ್ಲಿ ಇಳಿಸಿದರೆ ಗಿರಿಜಕ್ಕ ಏನು ಹೇಳುತ್ತಾರೆ? ಗುರುತು ಹಿಡಿದು ನೀರು ತರಲು ಒಳಗೆ ಹೋಗುತ್ತಾರೋ, ಇವರು ಯಾರು ಎಂದು ನಮ್ಮನ್ನೇ ಕೇಳುತ್ತಾರೋ? ಇಲ್ಲಿಂದ ಅದು ಒಂದೂವರೆ ಗಂಟೆಯ ದಾರಿ. ರಸ್ತೆ ಚೆನ್ನಾಗಿಯೇ ಇದೆ. ನನಗೆ ಇವತ್ತಿಗೂ ಉತ್ತರ ಗೊತ್ತಿಲ್ಲ, ಗೊತ್ತಾಗದ ಹಾಗೆ ನೋಡಿಕೊಳ್ಳುತ್ತಿರುವವನು ನಾನೇ.